ಹಿಂದಿ ಬಿಟ್ಟು ಹೆಲ್ತ್ ಕೇರ್ ತಗೊಳ್ಳಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹೈಸ್ಕೂಲಿನಲ್ಲಿ ಕಲಿಸುವ ಹೆಲ್ತ್ ಕೇರ್ ವಿಷಯದ ಬಗ್ಗೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ 9 ಮತ್ತು 10ನೇ ತರಗತಿಗೆ ವೃತ್ತಿ ವಿಷಯಗಳಿವೆ. ಆಟೊಮೊಬೈಲ್, ಐಟಿ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಜೊತೆಗೆ ಹೆಲ್ತ್ ಕೇರ್ ಕೂಡ ಒಂದು. ತೃತೀಯ ಭಾಷೆಯ ಬದಲು ಇದನ್ನು ತೆಗೆದುಕೊಳ್ಳಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ ಲಿಖಿತ ಪರೀಕ್ಷೆಯೂ ಇದೆ, ಪ್ರಾಕ್ಟಿಕಲ್ಲೂ ಇದೆ. ನಾನು ನರ್ಸಿಂಗ್ ಪಾಠ ಮಾಡಿಕೊಂಡು ಬಂದವಳು, ಹಾಗಾಗಿ ಈ ವಿಷಯದ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿಯೇ ಇದೆ. ಆದರೆ ಇಲ್ಲದ್ದನ್ನು ಇದೆ ಅಂತ ಹೇಳುವುದಿಲ್ಲ.

ಮೇಡಂ, ನನ್ನ ಮಗಳು ಈ ಜೂನ್‌ಗೆ 9ನೇ ಕ್ಲಾಸು. ಶಾಲೆಯಲ್ಲಿ ಹಿಂದಿ ಬೇಕಾ, ಹೆಲ್ತ್ ಕೇರ್ ಬೇಕಾ ಅಂತ ಕೇಳಿದ್ದಾರೆ. ಅವಳಿಗೆ ಹೆಲ್ತ್ ಕೇರ್ ಇಷ್ಟ. ನಮ್ಮಣ್ಣ ಮಾತ್ರ ‘ಆಯಾ ಕೆಲಸ ಕಲಿಸೋಕೆ ಸ್ಕೂಲಿಗೆ ಕಳಿಸಬೇಕಾ? ಹಿಂದಿ ಬಿಟ್ರೆ ಮುಂದೆ ಕಷ್ಟ’ ಅನ್ನುತ್ತಾನೆ. ಏನು ಮಾಡಲಿ?
— ಒಬ್ಬ ತಂದೆ, ಹಿರಿಯೂರು ತಾಲ್ಲೂಕು

ಮೊದಲು ಹಿಂದಿಯ ಮಾತು ಮುಗಿಸೋಣ. ಪಿಯುಸಿಯಲ್ಲಿ ಇರುವುದು ಎರಡೇ ಭಾಷೆ. ನಿಮ್ಮ ಮಗಳು ಕನ್ನಡ, ಇಂಗ್ಲಿಷ್ ತೆಗೆದುಕೊಂಡು ಆರಾಮಾಗಿ ಓದಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದಿ ಇಲ್ಲ ಅಂತ ಯಾವ ನರ್ಸಿಂಗ್ ಕಾಲೇಜೂ ಅವಳನ್ನು ವಾಪಸ್ ಕಳಿಸುವುದಿಲ್ಲ. ಮುಂದೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕರೆ ಮಾತಾಡುವಷ್ಟು ಹಿಂದಿ ಅಲ್ಲೇ ಬಂದುಬಿಡುತ್ತದೆ. ನಮ್ಮ ಎಷ್ಟೋ ಹುಡುಗಿಯರು ದೆಹಲಿಯ ವಾರ್ಡುಗಳಲ್ಲಿ ನಿಂತೇ ಹಿಂದಿ ಕಲಿತಿದ್ದಾರೆ.

ಇನ್ನು ನಿಮ್ಮಣ್ಣನ ಮಾತು. ಇದು ನನಗೆ ನಿಜವಾಗಲೂ ನೋವು ಕೊಡುವ ಮಾತು. ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳಿ ನೋಡಿ, ಡಾಕ್ಟರು ಬಂದು ಹೋಗುವುದು ಸ್ವಲ್ಪ ಹೊತ್ತು, ಉಳಿದ ಹೊತ್ತಿನಲ್ಲಿ ಮಗ್ಗಲು ತಿರುಗಿಸಿದವರು, ಒದ್ದೆ ಬಟ್ಟೆ ಬದಲಾಯಿಸಿದವರು, ಬೆಡ್‌ಪ್ಯಾನ್ ಕೊಟ್ಟವರು, ರಾತ್ರಿ ಬಾಯಿ ಒಣಗಿದಾಗ ನೀರು ಕೊಟ್ಟವರು ಯಾರು ಅಂತ. ಅದನ್ನು ಸರಿಯಾಗಿ ಮಾಡಲು ಕಲಿಯಬೇಕು ರೀ. ಕಲಿಯದೆ ಮಾಡಿದರೆ ರೋಗಿಗೆ ಬೆನ್ನು ಹುಣ್ಣಾಗುತ್ತದೆ, ಮಾಡಿದವರಿಗೆ ಸೊಂಟ ಹಿಡಿಯುತ್ತದೆ.

ಮಗಳು ಕಲಿಯುವುದು ಏನು ಅಂತಲೂ ಹೇಳುತ್ತೇನೆ. ಉಪಕೇಂದ್ರದಿಂದ ಜಿಲ್ಲಾಸ್ಪತ್ರೆಯವರೆಗೆ ನಮ್ಮ ಆರೋಗ್ಯ ವ್ಯವಸ್ಥೆ ಹೇಗೆ ನಡೆಯುತ್ತದೆ, ದೇಹದ ರಚನೆ, ಆಹಾರ, ಶುಚಿತ್ವ, ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ತಡೆಯುವುದು, ಪ್ರಥಮ ಚಿಕಿತ್ಸೆ, ಲಸಿಕೆ, ರೋಗಿಯ ಜೊತೆ ಮತ್ತು ಮನೆಯವರ ಜೊತೆ ಮಾತಾಡುವ ರೀತಿ. ಎಲ್ಲ ವೃತ್ತಿ ವಿಷಯಗಳಿಗೂ ಇರುವ ಸಂವಹನ, ಕಂಪ್ಯೂಟರ್ ಪಾಠಗಳು ಇದಕ್ಕೂ ಉಂಟು. ಇದರಲ್ಲಿ ಯಾವುದು ಕೀಳು ಹೇಳಿ?

ಆದರೆ ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. 10ನೇ ತರಗತಿಯಲ್ಲಿ ಈ ವಿಷಯ ಪಾಸಾದ ಕೂಡಲೇ ಅವಳು ನರ್ಸ್ ಆಗುವುದಿಲ್ಲ, ಕೆಲಸವೂ ಕೈಗೆ ಬರುವುದಿಲ್ಲ. ಇದು ಒಂದು ಒಳ್ಳೆಯ ಆರಂಭ, ಅಷ್ಟೇ. ‘ಸರ್ಟಿಫಿಕೇಟ್ ಇದೆಯಲ್ಲ’ ಅಂತ 16 ವರ್ಷದ ಹುಡುಗಿಯನ್ನು ಹೋಂ ನರ್ಸ್ ಕೆಲಸಕ್ಕೆ ಕಳಿಸಿಬಿಟ್ಟವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, 18 ತುಂಬಲಿ, ಓದು ಮುಂದುವರಿಯಲಿ.

ಸಹಿ ಹಾಕುವ ಮುಂಚೆ ಒಂದು ದಿನ ಶಾಲೆಗೆ ಹೋಗಿ ಬನ್ನಿ. ಟ್ರೈನರ್ ಇದ್ದಾರಾ, ಕಳೆದ ವರ್ಷ ಅವರು ಎಷ್ಟು ತಿಂಗಳು ಇದ್ದರು, ಪ್ರಾಕ್ಟಿಕಲ್ ರೂಮಿನ ಬೀಗ ತೆಗೆಯುತ್ತಾರಾ, ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಾ, ಇಷ್ಟು ಕೇಳಿ. ಸಾಧ್ಯವಾದರೆ ಈಗ 10ರಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ‘ನಾಡಿ ಹೇಗೆ ನೋಡ್ತೀಯಮ್ಮ?’ ಅಂತ ಕೇಳಿ. ಮೂರು ಬೆರಳು ನಿಮ್ಮ ಮಣಿಕಟ್ಟಿನ ಮೇಲೆ ಸರಿಯಾದ ಜಾಗಕ್ಕೆ ಬಂತು ಅಂದರೆ ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆ ಅಂತ ಧೈರ್ಯವಾಗಿ ಸೇರಿಸಿ.

ಅಕ್ಕಾ, ನಮ್ಮ ಕ್ಲಾಸಿನಲ್ಲಿ ಹೆಲ್ತ್ ಕೇರ್ ತಗೊಂಡ ಹುಡುಗರು ನಾವು ಕೆಲವರೇ. ಉಳಿದವರು ಆಟೊಮೊಬೈಲ್. ನಮ್ಮನ್ನ ‘ಸಿಸ್ಟರ್’ ಅಂತ ಕರೀತಾರೆ. ನನಗೆ ಈ ವಿಷಯ ಇಷ್ಟ. ಹುಡುಗರಿಗೆ ಮುಂದೆ ಅವಕಾಶ ಇದೆಯಾ?
— 10ನೇ ತರಗತಿ ವಿದ್ಯಾರ್ಥಿ, ಸಿಂದಗಿ

ಇದೆ ಕಣಪ್ಪ, ಚೆನ್ನಾಗಿಯೇ ಇದೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿ.ಎಸ್‌ಸಿ ನರ್ಸಿಂಗ್ ಎರಡಕ್ಕೂ ಗಂಡುಮಕ್ಕಳು ಸೇರಬಹುದು. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸು) ಒಂದು ಮಾತ್ರ ಹೆಣ್ಣುಮಕ್ಕಳಿಗೆ. ಆಪರೇಷನ್ ಥಿಯೇಟರ್, ಡಯಾಲಿಸಿಸ್, ಎಕ್ಸ್‌ರೇ, ತುರ್ತು ಘಟಕ ಎಲ್ಲೇ ಹೋದರೂ ಗಂಡಸರಿದ್ದಾರೆ.

ಇನ್ನೊಂದು ವಿಷಯ ಯೋಚನೆ ಮಾಡು. 80 ದಾಟಿದ ಒಬ್ಬ ಅಜ್ಜ ಆಸ್ಪತ್ರೆಯಲ್ಲಿದ್ದಾರೆ, ಸ್ನಾನ ಮಾಡಿಸಬೇಕು, ಮೂತ್ರದ ಕೊಳವೆ ನೋಡಿಕೊಳ್ಳಬೇಕು. ಹೆಣ್ಣುಮಗಳು ಬಂದರೆ ಅವರು ಸಂಕೋಚದಿಂದ ಮುದುಡಿಕೊಳ್ಳುತ್ತಾರೆ, ‘ಬೇಡಮ್ಮ, ಬೇಡಮ್ಮ’ ಅನ್ನುತ್ತಾರೆ, ಹಾಗೇ ಎರಡು ದಿನ ಕಳೆದುಬಿಡುತ್ತದೆ. ನಿನ್ನಂಥ ಹುಡುಗ ಹೋಗಿ ‘ತಾತಾ, ಬಾಗಿಲು ಹಾಕಿದೀನಿ, ನಾನಿದೀನಿ’ ಅಂದರೆ ಕೆಲಸ ಸಲೀಸು. ಕರೆಯುವವರು ಕರೆಯಲಿ. ಅವರಲ್ಲಿ ಯಾರಾದರೂ ಬೈಕಿನಿಂದ ಬಿದ್ದು ರಕ್ತ ಸುರಿಸಿಕೊಂಡು ಬಂದ ದಿನ ಶುಭ್ರ ಬಟ್ಟೆ ಮಡಚಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಲು ಗೊತ್ತಿರುವುದು ನಿನಗೇ.

ಮೇಡಂ, ನಾನು ಹೈಸ್ಕೂಲಲ್ಲಿ ಹೆಲ್ತ್ ಕೇರ್ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ನರ್ಸ್ ಆಗಬೇಕು. ಪಿಯುಸಿಯಲ್ಲಿ ಸೈನ್ಸೇ ತಗೋಬೇಕಾ? ಫಿಸಿಕ್ಸ್ ಅಂದ್ರೆ ಭಯ. ಮನೆಯಲ್ಲಿ ದುಡ್ಡಿಗೂ ಕಷ್ಟ ಇದೆ.
— ಎಂ., ಲಿಂಗಸುಗೂರು

ಭಯ ಬೇಡಮ್ಮ, ದಾರಿ ಒಂದಲ್ಲ, ಹಲವು ಇವೆ. ನಾಲ್ಕು ವರ್ಷದ ಬಿ.ಎಸ್‌ಸಿ ನರ್ಸಿಂಗ್ ಮಾಡಬೇಕು ಅಂದರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ), ಅವರ ಪ್ರವೇಶ ಪರೀಕ್ಷೆ ಕೆಸಿಇಟಿ ಬರೆಯಬೇಕು. ಮೂರು ವರ್ಷದ ಜಿಎನ್‌ಎಂಗೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ, ಇಂಗ್ಲಿಷ್ ಇರಬೇಕು, ಶೇ 40 ಅಂಕ ಬೇಕು. ಸೈನ್ಸ್ ಓದಿದವರಿಗೆ ಆದ್ಯತೆ ಇರುತ್ತದೆ ಅನ್ನುವುದು ನಿಜ. ಎರಡು ವರ್ಷದ ಎಎನ್‌ಎಂ ಕೂಡ ಪಿಯುಸಿ ಆದ ಮೇಲೆಯೇ, ಅದಕ್ಕೂ ಆರ್ಟ್ಸ್ ಓದಿದವರು ಸೇರಬಹುದು. ಮೂರಕ್ಕೂ 17 ವರ್ಷ ತುಂಬಿರಬೇಕು. ಕೆಲವು ಸರ್ಕಾರಿ ಪಿಯು ಕಾಲೇಜುಗಳಲ್ಲಿ ಹೆಲ್ತ್ ಕೇರ್ ಅನ್ನು ಪಿಯುಸಿಯಲ್ಲೂ ಮುಂದುವರಿಸಬಹುದು, ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಕೇಳು.

ನನ್ನ ಅಭಿಪ್ರಾಯ ಕೇಳಿದರೆ, ಆಗುವುದಾದರೆ ಸೈನ್ಸ್ ತಗೋ. ಫಿಸಿಕ್ಸಿನಲ್ಲಿ ಪಾಸಿಗಿಂತ ಸ್ವಲ್ಪ ಮೇಲೆ ಬಂದರೂ ಪರವಾಗಿಲ್ಲ, ಮುಂದೆ ಎಲ್ಲ ಬಾಗಿಲೂ ತೆರೆದಿರುತ್ತದೆ. ನಾಳೆ ನರ್ಸಿಂಗ್ ಬೇಡ, ಲ್ಯಾಬ್ ಟೆಕ್ನಿಷಿಯನ್ ಆಗಬೇಕು ಅನ್ನಿಸಿದರೂ ಬಯಾಲಜಿ ಕೈ ಹಿಡಿಯುತ್ತದೆ. ಆದರೆ ಮನೆಯಿಂದ ದೂರದ ಕಾಲೇಜು, ಟ್ಯೂಷನ್ ಇಲ್ಲ, ಫೇಲಾದರೆ ಓದೇ ನಿಲ್ಲಿಸಿ ಮದುವೆ ಮಾಡಿಬಿಡುತ್ತಾರೆ ಅನ್ನುವ ಪರಿಸ್ಥಿತಿ ಇದ್ದರೆ ಆರ್ಟ್ಸ್ ತಗೊಂಡು ಚೆನ್ನಾಗಿ ಪಾಸಾಗಿ ಜಿಎನ್‌ಎಂಗೆ ಬಾ. ಜಿಎನ್‌ಎಂ ಮುಗಿಸಿದವರು ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ ಮಾಡಿ ಮೇಲೆ ಹೋಗಬಹುದು, ಹಾಗೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವರೂ ಇದ್ದಾರೆ. ದುಡ್ಡಿನ ವಿಷಯಕ್ಕೆ, ಸರ್ಕಾರಿ ಸೀಟಿಗೆ ಮೊದಲು ಪ್ರಯತ್ನ ಮಾಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಜೊತೆಗೆ ನಿಮ್ಮ ಭಾಗದವರಿಗೆ 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ರಾಯಚೂರು ಜಿಲ್ಲೆಯ ಮಕ್ಕಳಿಗೆ ಆ ಮೀಸಲಾತಿ ಇದೆ, ಕೊನೇ ಗಳಿಗೆಯಲ್ಲಿ ತಹಶೀಲ್ದಾರ್ ಕಚೇರಿಗೆ ಓಡಿ ಸೀಟು ಕಳೆದುಕೊಂಡ ಮಕ್ಕಳನ್ನು ನೋಡಿ ನನಗೆ ಸಾಕಾಗಿದೆ.

ಮಿಸ್, ನಾನು ಹೆಲ್ತ್ ಕೇರ್ ಸ್ಟೂಡೆಂಟ್. ನಮ್ಮ ಅಜ್ಜಿಗೆ ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ಬರ್ತಿಲ್ಲ. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದ್ದೀವಿ. ಅಮ್ಮ ಒಬ್ಬರೇ ನೋಡ್ಕೋತಾರೆ. ಸ್ಕೂಲಲ್ಲಿ ಕಲಿತದ್ದನ್ನ ನಾನು ಮನೆಯಲ್ಲಿ ಮಾಡಬಹುದಾ? ಬ್ಲೌಸ್ ಹಾಕಿಸೋವಾಗ ಅಜ್ಜಿ ತುಂಬಾ ಅಳ್ತಾರೆ.
— 10ನೇ ತರಗತಿ ವಿದ್ಯಾರ್ಥಿನಿ, ಕುಂದಾಪುರ ಹತ್ತಿರದ ಹಳ್ಳಿ

ಖಂಡಿತ ಮಾಡಬಹುದು ಮಗಳೇ, ಇದಕ್ಕೇ ಅಲ್ವಾ ಕಲಿಯುವುದು. ಬ್ಲೌಸಿನಿಂದಲೇ ಶುರು ಮಾಡೋಣ. ಹಾಕಿಸುವಾಗ ಬಲ ಇಲ್ಲದ ಕೈ ಮೊದಲು. ತೋಳಿನ ಒಳಗೆ ನಿನ್ನ ಕೈ ತೂರಿಸಿ, ಆ ಕಡೆಯಿಂದ ಅಜ್ಜಿಯ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡು ಬಟ್ಟೆಯನ್ನು ಭುಜದವರೆಗೆ ಪೂರ್ತಿ ಏರಿಸು, ಆಮೇಲೆ ಬಲಗೈಯನ್ನು ಅಜ್ಜಿಯೇ ತೂರಿಸಿಕೊಳ್ಳಲಿ. ಬಿಚ್ಚುವಾಗ ಉಲ್ಟಾ, ಚೆನ್ನಾಗಿರುವ ಕೈ ಮೊದಲು, ಬಲ ಇಲ್ಲದ ಕೈ ಕೊನೆಗೆ. ಮುಂದೆ ಗುಂಡಿ ಇರುವ, ಸಡಿಲವಾದ, ಕಾಟನ್ ಬ್ಲೌಸ್ ಒಂದೆರಡು ಹೊಲಿಸಿ ಅಂತ ಅಮ್ಮನಿಗೆ ಹೇಳು, ನೈಟಿ ಒಪ್ಪಿದರೆ ಇನ್ನೂ ಸುಲಭ. ಆ ಎಡಗೈಯನ್ನು ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಲೂಬಾರದು. ಸ್ಟ್ರೋಕ್ ಆದ ಮೇಲೆ ಭುಜದ ಸ್ನಾಯು ಸಡಿಲ ಆಗಿರುತ್ತದೆ, ಎಳೆದರೆ ಕೀಲು ಜಾರುತ್ತದೆ. ಅಜ್ಜಿ ಅಳುವುದಕ್ಕೆ ಅದೂ ಕಾರಣ ಇರಬಹುದು. ನೋವು ಹಾಗೇ ಮುಂದುವರಿದರೆ ಡಾಕ್ಟರಿಗೆ ತೋರಿಸಿ.

ಮಲಗಿದಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಪ್ರತಿಸಲ ಬದಲಿಸುವಾಗ ಬಾಲಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಭುಜದ ಹಿಂದೆ, ತಲೆಯ ಹಿಂಭಾಗ ಇಷ್ಟನ್ನೂ ಕಣ್ಣಿಟ್ಟು ನೋಡು. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗಲೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗುತ್ತಿದೆ ಅಂತ ತಿಳಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಚೆನ್ನಾಗಿ ಕಾಣುವುದಿಲ್ಲ, ಅಲ್ಲಿ ಚರ್ಮ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಆ ಜಾಗವನ್ನು ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ನಮ್ಮ ಮನೆಗಳಲ್ಲಿ ತುಂಬಾ ಇದೆ, ಅದರಿಂದ ಒಳಗಿನ ಚರ್ಮಕ್ಕೆ ಇನ್ನೂ ಪೆಟ್ಟಾಗುತ್ತದೆ. ಹಾಸಿಗೆಯ ಬಟ್ಟೆ ಸುಕ್ಕಿಲ್ಲದೆ ಎಳೆದು ಸಿಕ್ಕಿಸುವುದನ್ನು ಶಾಲೆಯಲ್ಲಿ ಕಲಿಸುತ್ತಾರಲ್ಲ, ಅದು ಚಂದಕ್ಕೆ ಮಾತ್ರ ಅಲ್ಲ, ಒಂದು ಸುಕ್ಕು ಇಡೀ ರಾತ್ರಿ ಬೆನ್ನಿನ ಕೆಳಗಿದ್ದರೆ ಬೆಳಿಗ್ಗೆ ಅಲ್ಲಿ ಗೆರೆ ಮೂಡಿರುತ್ತದೆ.

ಊಟ ಕೊಡುವಾಗ ನೇರವಾಗಿ ಕೂರಿಸಲೇಬೇಕು. ನುಂಗಲು ಆಗುತ್ತದಾ, ಗಂಜಿ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ಆಸ್ಪತ್ರೆಯವರು ಹೇಳಿದ ಹಾಗೆಯೇ ಮಾಡಿ. ಸಣ್ಣ ಚಮಚ, ಬಲ ಇರುವ ಕಡೆಯಿಂದ ಬಾಯಿಗೆ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಎಡಗಡೆ ಕೆನ್ನೆಯೊಳಗೆ ಅನ್ನ ಉಳಿದುಬಿಡುತ್ತದೆ, ಅಜ್ಜಿಗೆ ಅದು ಗೊತ್ತಾಗುವುದೂ ಇಲ್ಲ, ಊಟ ಆದ ಮೇಲೆ ಬಾಯಿ ತೆರೆಸಿ ನೋಡು. ತಿಂದು ಅರ್ಧ ಗಂಟೆ ಮಲಗಿಸಬೇಡ. ತಿನ್ನುವಾಗ ಕೆಮ್ಮು ಬಂದರೆ, ಧ್ವನಿ ಗೊರಗೊರ ಅಂದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಮಂಚದಿಂದ ಗಾಲಿಕುರ್ಚಿಗೆ ಕೂರಿಸುವಾಗ ಕುರ್ಚಿ ಬಲಗಡೆ ಇರಲಿ, ಬ್ರೇಕ್ ಹಾಕಿರಲಿ, ಕಾಲಿಡುವ ಹಲಗೆ ಮೇಲಕ್ಕೆ ಮಡಚಿರಲಿ. ನೀನೊಬ್ಬಳೇ ಎತ್ತಲು ಹೋಗಬೇಡ, ಅಮ್ಮನೂ ಒಬ್ಬರೇ ಬೇಡ. ಬಿಸಿನೀರಿನ ಚೀಲವನ್ನು ಎಡಗಡೆ ಇಡಲೇಬೇಡಿ, ಸುಟ್ಟರೂ ಅಜ್ಜಿಗೆ ತಿಳಿಯದೆ ಹೋಗಬಹುದು.

ನೀನು ಮಾಡಬಾರದ್ದೂ ಇದೆ. ಮಾತ್ರೆ ಜಾಸ್ತಿ ಕಡಿಮೆ ಮಾಡುವುದು, ಇಂಜೆಕ್ಷನ್, ಮೂಗಿನ ನಳಿಕೆ, ಇವು ನಿನ್ನ ಕೆಲಸ ಅಲ್ಲ. ಅಜ್ಜಿಯ ಮುಖ ಇನ್ನೂ ಸೊಟ್ಟಗಾದರೆ, ಮಾತು ತೊದಲಿದರೆ, ಇನ್ನೊಂದು ಕೈ ಬಲ ಕಳೆದುಕೊಂಡರೆ ಗಡಿಯಾರ ನೋಡಿಕೊಂಡು ತಕ್ಷಣ 108ಕ್ಕೆ ಫೋನ್ ಮಾಡು. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದನ್ನು ಕೊಡಬಹುದಾ ಅಂತ ಡಾಕ್ಟರು ತೀರ್ಮಾನ ಮಾಡುವುದು ಲಕ್ಷಣ ಶುರುವಾದ ಹೊತ್ತನ್ನು ಕೇಳಿಕೊಂಡೇ. ಮತ್ತೆ, ಸಂಜೆ ಒಂದು ಗಂಟೆ ನೀನು ಅಜ್ಜಿಯ ಹತ್ತಿರ ಕೂತು ಅಮ್ಮನನ್ನು ಸುಮ್ನೆ ಹೊರಗೆ ಕಳಿಸು. ಅಮ್ಮನಿಗೂ ಆರೈಕೆ ಬೇಕು.

ನಾನು ಸರ್ಕಾರಿ ಶಾಲೆಯಲ್ಲಿ ಹೆಲ್ತ್ ಕೇರ್ ಟ್ರೈನರ್. ಹೊರಗುತ್ತಿಗೆ ಕೆಲಸ. ಸಂಬಳ ತಡವಾಗುತ್ತದೆ, ಪ್ರಾಕ್ಟಿಕಲ್ ಸಾಮಾನು ಅರ್ಧ ಕೆಟ್ಟಿವೆ, ಮಂಚವೇ ಇಲ್ಲ. ಪಾಠ ಓದಿಸಿ ನೋಟ್ಸ್ ಬರೆಸುವುದು ಬಿಟ್ಟು ಬೇರೆ ದಾರಿ ಕಾಣುತ್ತಿಲ್ಲ.
— ಹೆಸರು ಬೇಡ

ನಿಮ್ಮ ಸಿಟ್ಟು ನ್ಯಾಯವಾದದ್ದು. ವರ್ಷ ವರ್ಷ ಏಜೆನ್ಸಿ ಬದಲಾಗುವ, ಜೂನ್‌ನಲ್ಲಿ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಸ್ಥಿತಿಯಲ್ಲಿ ಟ್ರೈನರ್‌ಗಳನ್ನು ಇಟ್ಟು ಮಕ್ಕಳಿಗೆ ಕೌಶಲ ಬರಲಿ ಅಂದರೆ ಹೇಗೆ ಬರುತ್ತದೆ? ಪಿಯು ಮಟ್ಟದಲ್ಲಿ ಜೆಒಸಿ (ಉದ್ಯೋಗಾಧಾರಿತ) ಕೋರ್ಸುಗಳು ನಡೆದು ಆಮೇಲೆ ಮುಚ್ಚಿಹೋದದ್ದನ್ನು ನೋಡಿದವರಿಗೆ ಇದು ಹೊಸ ಕಥೆಯಲ್ಲ. ಈ ವಿಷಯ ಉಳಿಯಬೇಕು ಅಂದರೆ ಕಲಿಸುವವರಿಗೆ ಮೊದಲು ಭದ್ರತೆ ಬೇಕು, ಇದನ್ನು ಇಲಾಖೆಗೆ ಮತ್ತೆ ಮತ್ತೆ ಹೇಳಬೇಕು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರ ಬಾಯಿಂದಲೇ ಹೇಳಿಸಿ, ಬರಹದಲ್ಲಿ ಕೊಡಿ.

ಅಲ್ಲಿಯವರೆಗೆ ಮಕ್ಕಳ ವರ್ಷ ಹಾಳಾಗಬಾರದು ಅಲ್ವಾ. ಎರಡು ಬೆಂಚು ಜೋಡಿಸಿ ಚಾಪೆ ಹಾಸಿದರೆ ಮಂಚ. ಸೀರೆ ಹರಿದು ತ್ರಿಕೋನ ಬ್ಯಾಂಡೇಜ್. ಗಡಿಯಾರ ಒಂದಿದ್ದರೆ ನಾಡಿ, ಉಸಿರು ಎರಡೂ ಕಲಿಸಬಹುದು: ಹೆಬ್ಬೆರಳು ಬಳಸದೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಲಿ, ಆಮೇಲೆ ಕೈ ಬಿಡದೆ, ರೋಗಿಗೆ ಹೇಳದೆ, ಎದೆ ಏರಿಳಿಯುವುದನ್ನು ಎಣಿಸಲಿ. ಹೇಳಿಬಿಟ್ಟರೆ ಉಸಿರಾಟದ ರೀತಿಯೇ ಬದಲಾಗಿಬಿಡುತ್ತದೆ. ದೊಡ್ಡವರ ನಾಡಿ ವಿಶ್ರಾಂತಿಯಲ್ಲಿ 60ರಿಂದ 100, ಉಸಿರು 12ರಿಂದ 20. ಆಟದ ಪೀರಿಯಡ್ ಮುಗಿಸಿ ಬಂದ ಕೂಡಲೇ ಒಮ್ಮೆ, ಹತ್ತು ನಿಮಿಷ ಬಿಟ್ಟು ಒಮ್ಮೆ ಎಣಿಸಲು ಹೇಳಿ, ಪಾಠ ತಾನಾಗಿಯೇ ತಲೆಗೆ ಹೋಗುತ್ತದೆ.

ಆಸ್ಪತ್ರೆ ಕಸದ ಪಾಠಕ್ಕೆ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣ ಬಳಿದ ರಟ್ಟಿನ ಡಬ್ಬಿ ಸಾಕು. ರಕ್ತ ಹತ್ತಿದ ಹತ್ತಿ ಹಳದಿಗೆ, ಗ್ಲೌಸ್ ಮತ್ತು ಡ್ರಿಪ್ ಪೈಪು ಕೆಂಪಿಗೆ, ಸೂಜಿ ಬ್ಲೇಡು ಬಿಳಿಗೆ, ಗಾಜು ನೀಲಿಗೆ. ಇದು 2016ರ ನಿಯಮ. ಚೀಟಿಯಲ್ಲಿ ಹೆಸರು ಬರೆದು ಓಡಿ ಹಾಕುವ ಆಟ ಆಡಿಸಿ. ಸೂಜಿಗೂ ಚೀಟಿಯೇ ಸಾಕು, ನಿಜವಾದ ಸೂಜಿ ಬೇಡವೇ ಬೇಡ.

ಶಾಲೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಹೆಡ್‌ಮಾಸ್ಟರರಿಂದ ಒಂದು ಪತ್ರ ಬರೆಸಿ. ಲಸಿಕೆ ಹಾಕುವ ದಿನ ಮಕ್ಕಳನ್ನು ಕರೆದೊಯ್ದರೆ ಒಂದು ಬೆಳಿಗ್ಗೆಯಲ್ಲಿ ಪುಸ್ತಕದ ಅರ್ಧ ಪಾಠ ಕಣ್ಣೆದುರಿಗೆ ಬರುತ್ತದೆ. ಆಶಾ ಕಾರ್ಯಕರ್ತೆಯನ್ನು ತರಗತಿಗೆ ಕರೆಯಿರಿ, ಒಂದು ತಾಯಿ ಕಾರ್ಡ್ ತಂದು ವಿವರಿಸಲಿ: ಹುಟ್ಟಿದಾಗ ಬಿಸಿಜಿ, 6, 10, 14 ವಾರಕ್ಕೆ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಲಸಿಕೆ), 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪಿಎಚ್‌ಸಿ ಅಂತ ಪುಸ್ತಕದಲ್ಲಿದೆ, ನಮ್ಮ ಪಿಎಚ್‌ಸಿಗೆ ಎಷ್ಟು ಹಳ್ಳಿ ಅಂತ ಮಕ್ಕಳೇ ಲೆಕ್ಕ ಹಾಕಲಿ. ಹೋಗುವ ಮುಂಚೆ ಒಂದು ಕಟ್ಟುನಿಟ್ಟು ಇರಲಿ, ರೋಗಿಗಳ ಫೋಟೊ ತೆಗೆಯಬಾರದು, ಸ್ಟೇಟಸ್‌ಗೆ ಹಾಕಬಾರದು, ಅಲ್ಲಿ ಕೇಳಿದ್ದನ್ನು ಊರಲ್ಲಿ ಹೇಳಬಾರದು. ಈ ಗುಣ ಬಂದರೆ ಉಳಿದದ್ದನ್ನು ಯಾವಾಗ ಬೇಕಾದರೂ ಕಲಿಸಬಹುದು.

ಸಿಬಿಎಸ್‌ಇ ಶಾಲೆಯಲ್ಲೂ ಈ ವಿಷಯ ಇದೆಯಾ?
— ಪೋಷಕರು, ಮೈಸೂರು

ಇದೆ, ಶಾಲೆ ಕೊಡುತ್ತಿದ್ದರೆ ಮಾತ್ರ. ಸಿಬಿಎಸ್‌ಇಯಲ್ಲಿ ಇದು ಕೌಶಲ ವಿಷಯ. 10ರಲ್ಲಿ ಆರನೇ ವಿಷಯವಾಗಿ ತೆಗೆದುಕೊಂಡಿದ್ದರೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಲ್ಲಿ ಒಂದು ಫೇಲಾದರೂ ಅದರ ಜಾಗಕ್ಕೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅವಕಾಶ ಇದೆ. ಆದರೆ ಮುಂದೆ ನರ್ಸಿಂಗ್ ಓದುವ ಆಸೆ ಇದ್ದರೆ ಆ ಧೈರ್ಯದ ಮೇಲೆ ವಿಜ್ಞಾನವನ್ನು ಕೈಬಿಡಬೇಡಿ.

ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗಳು ಇಯರ್ 9. ಜಿಸಿಎಸ್‌ಇ (ಇಲ್ಲಿ 16ರ ಹೊತ್ತಿಗೆ ಬರೆಯುವ ಪರೀಕ್ಷೆ) ಆಯ್ಕೆಯಲ್ಲಿ ಹೆಲ್ತ್ ಅಂಡ್ ಸೋಷಿಯಲ್ ಕೇರ್ ಬೇಕು ಅನ್ನುತ್ತಾಳೆ. ನನ್ನ ಯಜಮಾನರು ಟ್ರಿಪಲ್ ಸೈನ್ಸ್ ಬಿಟ್ಟು ಮಾತೇ ಇಲ್ಲ ಅನ್ನುತ್ತಾರೆ. ಮನೆಯಲ್ಲಿ ದಿನಾ ಜಗಳ.
— ಒಬ್ಬ ತಾಯಿ

ಜಗಳ ನಿಲ್ಲಿಸಲು ಮೊದಲು ಒಂದು ವಿಷಯ: ಅಲ್ಲಿ ವಿಜ್ಞಾನವನ್ನು ಪೂರ್ತಿ ಬಿಡಲು ಆಗುವುದಿಲ್ಲ. ಟ್ರಿಪಲ್, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇರೆ ಬೇರೆಯಾಗಿ ಓದುವುದು ಬೇಡ ಅಂದರೆ ಮೂರೂ ಸೇರಿದ ಕಂಬೈನ್ಡ್ ಸೈನ್ಸ್ ಇದ್ದೇ ಇರುತ್ತದೆ, ಅದು ಎರಡು ಜಿಸಿಎಸ್‌ಇಗೆ ಸಮ. ಅದರ ಜೊತೆಗೆ ಹೆಲ್ತ್ ಅಂಡ್ ಸೋಷಿಯಲ್ ಕೇರ್ ತೆಗೆದುಕೊಳ್ಳಬಹುದು. ಅದು ಸಾಮಾನ್ಯವಾಗಿ ಬಿಟೆಕ್ ಟೆಕ್ ಅವಾರ್ಡ್ ಅಥವಾ ಕೇಂಬ್ರಿಡ್ಜ್ ನ್ಯಾಷನಲ್ ಅನ್ನುವ ವೃತ್ತಿ ಅರ್ಹತೆ ಆಗಿರುತ್ತದೆ, ನಮ್ಮ ಎಂಜಿನಿಯರಿಂಗ್ ಬಿ.ಟೆಕ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಊರಲ್ಲಿರುವ ಅಜ್ಜ ಅಜ್ಜಿಗೂ ಹೇಳಿಬಿಡಿ. ಮಗುವಿನಿಂದ ಮುಪ್ಪಿನವರೆಗೆ ಮನುಷ್ಯ ಬೆಳೆಯುವುದು, ಕಾಯಿಲೆ, ಸಾವು, ವಿಚ್ಛೇದನದಂಥ ಘಟನೆಗಳು ಬದುಕನ್ನು ಹೇಗೆ ಬದಲಿಸುತ್ತವೆ, ಆರೈಕೆ ಮಾಡುವಾಗ ಎದುರಿನವರ ಗೌರವ ಹೇಗೆ ಕಾಪಾಡಬೇಕು, ಇದೆಲ್ಲ ಪಾಠದಲ್ಲಿದೆ. ಬರೆಯುವ ಕೆಲಸ ಜಾಸ್ತಿ, ಶಾಲೆಯಲ್ಲೇ ಮಾಡುವ ಅಸೈನ್‌ಮೆಂಟಿಗೂ ಅಂಕ, ಪರೀಕ್ಷೆಗೂ ಅಂಕ.

ಅಲ್ಲಿ ನರ್ಸಿಂಗ್ ಪದವಿ ಮೂರು ವರ್ಷ. ವಿಶ್ವವಿದ್ಯಾಲಯಗಳು ಇಂಗ್ಲಿಷ್, ಗಣಿತ, ಹಲವು ಕಡೆ ವಿಜ್ಞಾನದಲ್ಲೂ ಗ್ರೇಡ್ 4 (ಸಾಮಾನ್ಯ ಪಾಸ್ ಮಟ್ಟ) ಕೇಳುತ್ತವೆ, ಟ್ರಿಪಲ್ ಸೈನ್ಸ್ ಕಡ್ಡಾಯ ಅಲ್ಲ. 16ರ ಮೇಲೆ ಇದೇ ದಾರಿಯಲ್ಲಿ ಹೋಗಬೇಕು ಅಂದರೆ 2021ರಲ್ಲಿ ಶುರುವಾದ ಹೆಲ್ತ್ ಟಿ ಲೆವೆಲ್ ಇದೆ, ಎರಡು ವರ್ಷದ ಕೋರ್ಸು, ಅದರಲ್ಲಿ ಕನಿಷ್ಠ 315 ಗಂಟೆ ನಿಜವಾದ ಕೆಲಸದ ಜಾಗದಲ್ಲಿ ಕಳೆಯಬೇಕು. ನಮ್ಮ ಶಾಲೆಗಳು ಅದರಲ್ಲಿ ಕಾಲುಭಾಗ ಮಾಡಿದ್ದರೂ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಆದರೆ ಮಗಳ ಮನಸ್ಸಿನಲ್ಲಿ ಡಾಕ್ಟರ್ ಆಗುವ ಆಸೆ ಎಲ್ಲೋ ಮೂಲೆಯಲ್ಲಿ ಇದ್ದರೂ ನಿಮ್ಮ ಯಜಮಾನರ ಮಾತಿಗೆ ತೂಕ ಇದೆ. ಮೆಡಿಕಲ್‌ಗೆ ಹೆಚ್ಚಿನ ಕಡೆ ಎ ಲೆವೆಲ್ (ನಮ್ಮ ಪಿಯುಸಿ ಮಟ್ಟದ) ಕೆಮಿಸ್ಟ್ರಿ ಬೇಕು, ಅದಕ್ಕೆ ಟ್ರಿಪಲ್ ಸೈನ್ಸ್ ಓದಿದವರಿಗೆ ಅನುಕೂಲ. ಇಬ್ಬರೂ ಕೂತು ಅವಳನ್ನೇ ಕೇಳಿ, ಅವಳು ಹೇಳಿ ಮುಗಿಸುವವರೆಗೂ ನಡುವೆ ಮಾತಾಡಬೇಡಿ.

ನನ್ನ ತಂಗಿಗೆ ‘10ನೇ ಕ್ಲಾಸಲ್ಲಿ ಹೆಲ್ತ್ ಕೇರ್ ಓದಿದೀಯ, 6 ತಿಂಗಳಲ್ಲಿ ನರ್ಸಿಂಗ್ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಒಂದು ಸಂಸ್ಥೆಯವರು ಫೀಸು ಕೇಳುತ್ತಿದ್ದಾರೆ. ಅಂಕಪಟ್ಟಿಯ ಒರಿಜಿನಲ್ ಕೊಡಬೇಕಂತೆ.
— ಕೆ., ತುಮಕೂರು

ಕೊಡಬೇಡಿ. ಆರು ತಿಂಗಳಲ್ಲಿ ನರ್ಸ್ ಆಗುವ ಯಾವ ಕೋರ್ಸೂ ಇಲ್ಲ. ಅತಿ ಚಿಕ್ಕದಾದ ಎಎನ್‌ಎಂ ಕೂಡ ಎರಡು ವರ್ಷ. ನರ್ಸ್ ಅನ್ನಿಸಿಕೊಳ್ಳಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು, ಆ ಸರ್ಟಿಫಿಕೇಟ್ ಹಿಡಿದು ಹೋದರೆ ನೋಂದಣಿ ಆಗುವುದಿಲ್ಲ. ಜನರಲ್ ಡ್ಯೂಟಿ ಅಸಿಸ್ಟೆಂಟ್ (ರೋಗಿಯ ಆರೈಕೆಗೆ ನೆರವಾಗುವವರು) ತರಬೇತಿ ಕೆಲವು ತಿಂಗಳದ್ದು ಇದೆ, ಅದು ಮರ್ಯಾದೆಯ ಕೆಲಸವೇ, ಆದರೆ ಅದು ನರ್ಸಿಂಗ್ ಅಲ್ಲ. ಎರಡನ್ನೂ ಕಲಸಿ ಹೇಳುವವರ ಹತ್ತಿರ ಹೋಗಬೇಡಿ. ಒರಿಜಿನಲ್ ಅಂಕಪಟ್ಟಿ ಇಟ್ಟುಕೊಂಡು, ಬಿಟ್ಟು ಹೋಗುತ್ತೇನೆ ಅಂದಾಗ ದುಡ್ಡು ಕೇಳುವುದು ಹಳೇ ಚಾಳಿ.

ನನಗೆ 36. ಎಸ್ಸೆಸ್ಸೆಲ್ಸಿ ಆಗಿದೆ. ಮಗಳ ಹೆಲ್ತ್ ಕೇರ್ ಪುಸ್ತಕ ಓದುತ್ತಾ ಓದುತ್ತಾ ನನಗೂ ಆಸೆ ಬಂದಿದೆ. ಈ ವಯಸ್ಸಿನಲ್ಲಿ ಆಗುತ್ತದಾ?
— ಗೃಹಿಣಿ, ದಾವಣಗೆರೆ

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಆಗುತ್ತದೆ. ನಾನು ಮೇಲೆ ಹೇಳಿದ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಥವಾ ಹೋಂ ಹೆಲ್ತ್ ಏಡ್ ತರಬೇತಿ ನಿಮಗೆ ಸರಿಹೊಂದುತ್ತದೆ. ಸರ್ಕಾರದ ಕೌಶಲ ಯೋಜನೆಗಳಲ್ಲಿ ಇದನ್ನು ಉಚಿತವಾಗಿ ಕಲಿಸುತ್ತಾರೆ, ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಯಾವ ಬ್ಯಾಚ್ ಶುರುವಾಗುತ್ತದೆ ಅಂತ ಕೇಳಿ. ಮನೆ ನಡೆಸಿ, ಅತ್ತೆ ಮಾವನನ್ನು ನೋಡಿಕೊಂಡವರಿಗೆ ಇದರ ಅರ್ಧ ಕೈಗೆ ಬಂದಿರುತ್ತದೆ, ಸರಿಯಾದ ಕ್ರಮ ಕಲಿತರೆ ಸಾಕು.

ಕೆಲಸಕ್ಕೆ ಸೇರುವಾಗ ಮಾತ್ರ ಸಂಕೋಚ ಬೇಡ. ಏಜೆನ್ಸಿ ಮೂಲಕ ಹೋದರೆ ಮನೆಯವರು ಕೊಡುವ ದುಡ್ಡೆಷ್ಟು, ನಿಮ್ಮ ಕೈಗೆ ಬರುವುದೆಷ್ಟು, ವಾರದ ರಜೆ ಇದೆಯಾ, 24 ಗಂಟೆ ಡ್ಯೂಟಿ ಅಂದರೆ ನಿದ್ದೆಗೆ ಎಷ್ಟು ಗಂಟೆ, ಎಲ್ಲಿ ಮಲಗಬೇಕು, ಇದೆಲ್ಲ ಬರಹದಲ್ಲಿ ಇರಲಿ. ರೋಗಿಯ ಗಂಜಿ, ರೋಗಿಯ ಬಟ್ಟೆ ನಿಮ್ಮ ಕೆಲಸ. ಮನೆಮಂದಿಗೆಲ್ಲ ಅಡುಗೆ, ಪಾತ್ರೆ, ಕಸ ನಿಮ್ಮದಲ್ಲ, ಮೊದಲ ದಿನವೇ ಹೇಳಿಬಿಡಿ.

ತರಬೇತಿಗೆ ಸೇರಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ, ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ರೋಗಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಜಿಲ್ಲಾಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, 72 ಗಂಟೆ ದಾಟದ ಹಾಗೆ ಶುರು ಮಾಡಬೇಕು. ‘ಬೈತಾರೆ’ ಅಂತ ಹೆದರಿ ಇದನ್ನು ಮುಚ್ಚಿಡಬೇಡಿ.